ಸೆಲ್ಲಿಲ್ಲದ ಅಲಾರಂ

ನಮ್ಮ ನಡುಮನೆಯ ಸೂರಿಗೆ ಬಿಳಿ ಬಣ್ಣದ ಒಂದು ದುಂಡು ಡಬ್ಬಿ ಅಂಟಿಕೊಂಡಿದೆ. ಮನೆಗೆ ಬಂದವರು ತಲೆ ಎತ್ತಿ ನೋಡಿ, ‘ಸಿಸಿ ಕ್ಯಾಮೆರಾ ಏನಪಾ?’ ಎಂದು ಕೇಳುತ್ತಾರೆ. ಅದು ಕ್ಯಾಮೆರಾ ಅಲ್ಲ, ಹೊಗೆ ಕಂಡರೆ ಕೂಗುವ ಅಲಾರಂ. ಬೆಟಗೇರಿಯ ನಮ್ಮ ಓಣಿಯಲ್ಲಿ ಇಂಥದ್ದು ಇರುವುದು ನಮ್ಮದೊಂದೇ ಮನೆಯಲ್ಲಿ. ಆ ಹೆಮ್ಮೆ ನನಗಿತ್ತು. ಹೋದ ಶ್ರಾವಣದ ಒಂದು ರಾತ್ರಿ ಅದು ಕೂಗಬೇಕಾಗಿತ್ತು. ಕೂಗಲಿಲ್ಲ. ತಪ್ಪು ಅದರದ್ದಲ್ಲ, ನನ್ನದು.

ನಾನು ಎಲೆಕ್ಟ್ರಾನಿಕ್ಸ್ ವಿಭಾಗದಲ್ಲಿ ಐದನೇ ಸೆಮಿಸ್ಟರ್ ಬಿಇ ಓದುತ್ತಿದ್ದೇನೆ. ಗದಗಿನಿಂದ ಹುಬ್ಬಳ್ಳಿಗೆ ದಿನಾ ರೈಲಿನಲ್ಲಿ ಹೋಗಿ ಬರುತ್ತೇನೆ. ನಮ್ಮದು ನೇಕಾರರ ಮನೆ. ಮುಂದಿನ ಭಾಗದಲ್ಲಿ ಅಪ್ಪನ ಎರಡು ಮಗ್ಗ, ನಡುವೆ ನಾವು ಮಲಗುವ ನಡುಮನೆ, ಹಿಂದೆ ಅಡುಗೆಮನೆ. ನಡುಮನೆಯ ಒಂದು ಮೂಲೆಯಲ್ಲಿ ನೂಲಿನ ಲಡಿ ತುಂಬಿದ ಚೀಲಗಳು ಸದಾ ಇರುತ್ತವೆ. ಅದೇ ಗೋಡೆಗೆ ಒರಗಿಸಿ ಅಪ್ಪನ ಎಲೆಕ್ಟ್ರಿಕ್ ಸ್ಕೂಟರ್ ಚಾರ್ಜಿಗೆ ಇಡುತ್ತಿದ್ದೆವು.

ಅಪ್ಪ ಆ ಸ್ಕೂಟರ್ ತಂದಾಗ ನನಗೆ ಹಳೆಯ ಸುದ್ದಿಯೊಂದು ನೆನಪಾಯಿತು. 2022ರ ಮಾರ್ಚ್‌ನಲ್ಲಿ, ನಾನು ಪಿಯುಸಿ ಓದುವಾಗ, ತಮಿಳುನಾಡಿನ ವೆಲ್ಲೂರಿನಲ್ಲಿ ರಾತ್ರಿ ಚಾರ್ಜಿಗೆ ಇಟ್ಟಿದ್ದ ಎಲೆಕ್ಟ್ರಿಕ್ ಸ್ಕೂಟರಿಗೆ ಬೆಂಕಿ ಹತ್ತಿ, ಮನೆಯಲ್ಲಿ ಮಲಗಿದ್ದ ತಂದೆ ಮತ್ತು ಮಗಳು ತೀರಿಕೊಂಡಿದ್ದರು. ಅವರ ಜೀವ ತೆಗೆದದ್ದು ಬೆಂಕಿಯ ಉರಿಯಲ್ಲ, ಹೊಗೆ. ನಮ್ಮ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರುವರಿ 23ರಂದು 9 ಜನ ಸತ್ತ ಅವಘಡದಲ್ಲೂ ಕಟ್ಟಡವನ್ನೆಲ್ಲ ತುಂಬಿಕೊಂಡದ್ದು ಹೊಗೆಯೇ. ಬೆಂಕಿಯಾದರೆ ಕಣ್ಣಿಗೆ ಕಾಣುತ್ತದೆ, ಮೈಗೆ ತಾಕುತ್ತದೆ. ಹೊಗೆ ಹಾಗಲ್ಲ, ನಿದ್ದೆಯಲ್ಲೇ ಒಳಗೆ ಇಳಿಯುತ್ತದೆ. ಮಲಗಿದಾಗ ನಮ್ಮ ಮೂಗೂ ಅರ್ಧ ಮಲಗಿರುತ್ತದೆ. ಆದರೆ ಕಿವಿ ಎಚ್ಚರವಿರುತ್ತದೆ. ಹೊಗೆಯನ್ನು ಸದ್ದಾಗಿ ಬದಲಾಯಿಸಿ ಕಿವಿಗೆ ಮುಟ್ಟಿಸುವುದೇ ಈ ಡಬ್ಬಿಯ ಕೆಲಸ. ಎರಡನೇ ಸೆಮಿಸ್ಟರಿನಲ್ಲಿ ವಿದ್ಯಾರ್ಥಿವೇತನ ಬಂದಾಗ ಒಂದನ್ನು ತರಿಸಿ, ತೊಲೆಯ ಪಕ್ಕ ನಾನೇ ಸ್ಕ್ರೂ ಹಾಕಿ ಕೂರಿಸಿದೆ.

ಮೊದಲ ವಾರವೇ ಅವ್ವನಿಗೂ ಅದಕ್ಕೂ ಜಗಳ. ಒಣಮೆಣಸಿನಕಾಯಿ ಒಗ್ಗರಣೆ ಬಿದ್ದರೆ ಸಾಕು, ಡಬ್ಬಿ ಕಿರುಚಿಕೊಳ್ಳುತ್ತಿತ್ತು. ‘ಇದಕ್ಕ ಬೆಂಕಿ ಯಾವುದು, ಒಗ್ಗರಣಿ ಯಾವುದು ಗೊತ್ತಾಗಂಗಿಲ್ಲಂದ್ರ ಎಂಥಾ ಶಾಣ್ಯಾ ಮಷೀನೋ ಇದು?’ ಎಂದು ಅವ್ವ ಬೈಯುವಳು. ಅವಳ ಮಾತು ಸರಿಯಿತ್ತು. ಒಲೆಯಿಂದ ಕನಿಷ್ಠ ಮೂರು ಮೀಟರ್ ದೂರ ಇರಬೇಕಾದದ್ದನ್ನು ನಾನು ಅಡುಗೆಮನೆಯ ಬಾಗಿಲ ಎದುರಿಗೇ ಹಾಕಿದ್ದೆ. ಬಿಚ್ಚಿ, ಆಯಿ ಮಲಗುವ ಜಾಗದ ಕಡೆಗೆ ಸರಿಸಿದ ಮೇಲೆ ಜಗಳ ನಿಂತಿತು.

ಮುಂದಿನ ತಕರಾರು ಬಂದದ್ದು ಡಿಸೆಂಬರ್ ಚಳಿಯಲ್ಲಿ. ಬೆಳಗಿನ ಜಾವ ನಾಲ್ಕರ ಹೊತ್ತಿಗೆ ‘ಚಿಂವ್’ ಎಂದು ಒಂದೇ ಒಂದು ಸದ್ದು. ಮುಕ್ಕಾಲು ನಿಮಿಷ ಬಿಟ್ಟು ಮತ್ತೊಂದು. ಕತ್ತಲಲ್ಲಿ ಆಯಿ ‘ಹಲ್ಲಿ ನುಡೀತು, ಕೃಷ್ಣ ಕೃಷ್ಣ’ ಎಂದು ನೆಲ ಕುಟ್ಟಿದಳು. ಮತ್ತೆ ಸದ್ದಾಯಿತು, ಮತ್ತೆ ಕುಟ್ಟಿದಳು. ಹತ್ತು ಸಲ ಕೃಷ್ಣನನ್ನು ಕರೆದ ಮೇಲೆ, ‘ಇದೆಂಥಾ ಹಲ್ಲಿಯೋ, ನಿಂದರಂಗೇ ಇಲ್ಲಲ್ಲೋ’ ಎಂದು ನನ್ನನ್ನು ಎಬ್ಬಿಸಿದಳು. ಅದು ಸೆಲ್ಲು ಮುಗಿಯುತ್ತ ಬಂದ ಸೂಚನೆ. ಬೆಂಕಿಯಾದರೆ ಅಲಾರಂ ಬಿಡದೆ ಕಿರುಚುತ್ತದೆ. ಹೀಗೆ ಅರ್ಧ ಮುಕ್ಕಾಲು ನಿಮಿಷಕ್ಕೊಮ್ಮೆ ಚಿಕ್ಕದಾಗಿ ಕೂಗಿದರೆ ‘ನನಗೆ ಹೊಸ ಸೆಲ್ಲು ಹಾಕಿ’ ಎಂದು ಅರ್ಥ. ಕೆಟ್ಟುಹೋಯಿತೆಂದು ಎಷ್ಟೋ ಜನ ಆಗಲೇ ಬಿಚ್ಚಿ ಮೂಲೆಗೆ ಎಸೆಯುತ್ತಾರೆ.

ಮರುದಿನ ಒಳ್ಳೆಯ ಸೆಲ್ಲು ತಂದು ಹಾಕಿದೆ. ಅಲ್ಲಿಗೇ ಕತೆ ಮುಗಿದಿದ್ದರೆ ಈ ಲೇಖನ ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ನಾಲ್ಕನೇ ಸೆಮಿಸ್ಟರಿನಲ್ಲಿ ಮಿನಿ ಪ್ರಾಜೆಕ್ಟ್ ತೋರಿಸಬೇಕಾದ ದಿನ ಬೆಳಿಗ್ಗೆ ನನ್ನ ಸರ್ಕ್ಯೂಟಿನ 9 ವೋಲ್ಟ್ ಸೆಲ್ಲು ಕೈಕೊಟ್ಟಿತು. ರೈಲಿಗೆ ಇಪ್ಪತ್ತು ನಿಮಿಷ ಇತ್ತು. ಸ್ಟೂಲು ಹತ್ತಿ, ಅಲಾರಂನ ಮುಚ್ಚಳ ತೆಗೆದು, ಅದರ ಸೆಲ್ಲನ್ನು ಕಿತ್ತು ಚೀಲಕ್ಕೆ ಹಾಕಿಕೊಂಡೆ. ‘ಸಂಜೆ ಹಾಕಿದರಾಯಿತು’ ಎಂದುಕೊಂಡೆ. ಪ್ರಾಜೆಕ್ಟಿಗೆ ಒಳ್ಳೆಯ ಅಂಕ ಬಂತು. ಆ ಸಂಜೆ ಬರಲೇ ಇಲ್ಲ.

ಶ್ರಾವಣದ ಆ ರಾತ್ರಿ ಅಪ್ಪ ಸ್ಕೂಟರ್ ಚಾರ್ಜಿಗೆ ಹಾಕಿ ಮಲಗಿದ್ದರು. ಪ್ಲಗ್ಗು ದೂರವಿದ್ದುದರಿಂದ ತೆಳು ವೈರಿನ ಎಕ್ಸ್‌ಟೆನ್ಷನ್ ಬಾಕ್ಸ್ ಹಾಕಿದ್ದೆವು. ಅದು ನೂಲಿನ ಚೀಲಗಳ ಸಂದಿಯಲ್ಲಿ ಬಿದ್ದಿತ್ತು. ಸ್ಕೂಟರಿಗೆ ಏನೂ ಆಗಲಿಲ್ಲ. ಬಾಕ್ಸಿನ ಸಡಿಲ ಪಿನ್ನು ಕಾದು ಪ್ಲಾಸ್ಟಿಕ್ ಕರಗಿ, ಪಕ್ಕದ ಚೀಲ ಕನಲತೊಡಗಿತು. ಹತ್ತಿ ನೂಲು ಭಗ್ಗನೆ ಉರಿಯಲೇಬೇಕೆಂದಿಲ್ಲ, ಒಳಗೊಳಗೇ ಕನಲುತ್ತ ಗಂಟೆಗಟ್ಟಲೆ ಹೊಗೆ ಉಗುಳಬಲ್ಲದು. ಆಯಿಯ ಹಾಸಿಗೆ ಆ ಮೂಲೆಗೆ ಹತ್ತಿರ. ಆಕೆ ಕೆಮ್ಮುತ್ತ ಎದ್ದು, ಕತ್ತಲಲ್ಲಿ ಬಾಗಿಲು ಸಿಗದೆ ಮಗ್ಗದ ಕಟ್ಟಿಗೆಗೆ ತಾಗಿ ಬಿದ್ದಳು. ಆ ಸದ್ದಿಗೆ ನಾವು ಎದ್ದೆವು. ಅಪ್ಪ ಮೇನ್ ಸ್ವಿಚ್ ಇಳಿಸಿದರು. ಓಣಿಯವರು ನೀರು, ಮರಳು ತಂದು ನಂದಿಸಿದರು. ಸುಟ್ಟದ್ದು ಮೂರು ಚೀಲ ನೂಲು. ಆಯಿ ನಾಲ್ಕು ದಿನ ಆಸ್ಪತ್ರೆಯಲ್ಲಿ ಆಮ್ಲಜನಕ ಹಾಕಿಸಿಕೊಂಡು ಮಲಗಿದಳು.

ಎರಡನೇ ದಿನ ಮಾತು ಬಂದಾಗ ಆಕೆ ಕೇಳಿದ ಮೊದಲ ಪ್ರಶ್ನೆ, ‘ನಿನ್ನ ಹಲ್ಲಿ ಯಾಕ ನುಡೀಲಿಲ್ಲೋ ತಮ್ಮಾ?’

ಸುಳ್ಳು ಹೇಳಲು ಆಗಲಿಲ್ಲ. ಸೆಲ್ಲು ನಾನು ತೆಗೆದಿದ್ದೆ ಎಂದು ಅಪ್ಪನ ಎದುರಿಗೇ ಹೇಳಿದೆ. ಅಪ್ಪ ಬೈಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅದು ಐತಿ ಅಂತ ನಂಬಿ ನಾವೆಲ್ಲಾ ಮಲಗಿದ್ವಿ ನೋಡು’ ಎಂದರು. ಆ ಮಾತು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಅಲಾರಂ ಇಲ್ಲದ ಮನೆಯವರು ಪ್ಲಗ್ಗು ಕಿತ್ತು, ಒಂದು ಕಣ್ಣಿಟ್ಟು ಮಲಗುತ್ತಾರೆ. ನಮಗೆ ಕಾವಲು ಇದೆ ಎಂಬ ಧೈರ್ಯವಿತ್ತು. ಸೆಲ್ಲಿಲ್ಲದ ಅಲಾರಂ ಸುಮ್ಮನೆ ಕೆಲಸಕ್ಕೆ ಬಾರದ ವಸ್ತುವಲ್ಲ, ಸುಳ್ಳು ಧೈರ್ಯ ಕೊಡುವ ವಸ್ತು.

ಇದು ನಮ್ಮೊಂದು ಮನೆಯ ಕತೆಯಲ್ಲ ಎಂದು ಆಮೇಲೆ ಓದಿ ತಿಳಿದೆ. ಅಮೆರಿಕದಲ್ಲಿ ಹೆಚ್ಚುಕಡಿಮೆ ಎಲ್ಲ ಮನೆಗಳಲ್ಲೂ ಈ ಅಲಾರಂ ಇದೆ. ಆದರೂ ಅಲ್ಲಿ ಮನೆಯ ಬೆಂಕಿಯಲ್ಲಿ ಸಾಯುವ ಐವರಲ್ಲಿ ಸುಮಾರು ಮೂವರು ಸಾಯುವುದು ಅಲಾರಂ ಇಲ್ಲದ, ಇಲ್ಲವೇ ಇದ್ದೂ ಕೆಲಸ ಮಾಡದ ಮನೆಗಳಲ್ಲಿ ಎಂದು ಅಲ್ಲಿನ ನ್ಯಾಷನಲ್ ಫೈರ್ ಪ್ರೊಟೆಕ್ಷನ್ ಅಸೋಸಿಯೇಷನ್ ಹೇಳುತ್ತದೆ. ಇದ್ದೂ ಕೂಗದ ಅಲಾರಂಗಳಲ್ಲಿ ಹೆಚ್ಚಿನವಕ್ಕೆ ಕಾರಣ ಒಂದೇ: ಸೆಲ್ಲು ತೆಗೆದಿರುತ್ತಾರೆ, ಇಲ್ಲವೇ ಸೆಲ್ಲು ಸತ್ತಿರುತ್ತದೆ.

ಹೊಗೆ ಗುರುತಿಸುವ ವಿದ್ಯೆ ಸಿಕ್ಕಿದ್ದೇ ಆಕಸ್ಮಿಕವಾಗಿ ಅಂತೆ. 1930ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ವಾಲ್ಟರ್ ಯೇಗರ್ ಎಂಬ ಭೌತವಿಜ್ಞಾನಿ ವಿಷಾನಿಲ ಪತ್ತೆ ಮಾಡುವ ಯಂತ್ರ ಕಟ್ಟಲು ಹೊರಟಿದ್ದರು. ಅನಿಲಕ್ಕೆ ಮುಳ್ಳು ಅಲುಗಲಿಲ್ಲ. ಬೇಸರದಿಂದ ಸಿಗರೇಟು ಹಚ್ಚಿದಾಗ ಅದರ ಹೊಗೆಗೆ ಅಲುಗಿತು. ಆ ವಿದ್ಯೆ ಸಾಮಾನ್ಯರ ಮನೆಗೆ ಬಂದದ್ದು ಮುಂದೆ 1960ರ ದಶಕದಲ್ಲಿ, ಅಮೆರಿಕದ ಡ್ವೇನ್ ಪಿಯರ್ಸಲ್ ಮತ್ತು ಅವರ ಜತೆಗಾರರು ಸೆಲ್ಲಿನಿಂದಲೇ ನಡೆಯುವ ಅಲಾರಂ ಮಾಡಿದ ಮೇಲೆ. ಅಂದರೆ ಈ ವಸ್ತುವನ್ನು ಮನೆಮನೆಗೆ ಮುಟ್ಟಿಸಿದ್ದೂ ಸೆಲ್ಲು, ಅದರ ದುರ್ಬಲ ಜಾಗವೂ ಸೆಲ್ಲೇ.

ಆಯಿ ಮನೆಗೆ ಬಂದ ಮೇಲೆ ನಾನು ಮಲ್ಟಿಮೀಟರ್ ಹಿಡಿದು ಕೂತೆ. ಚೌಕದ 9 ವೋಲ್ಟ್ ಸೆಲ್ಲಿನೊಳಗೆ ಒಂದೂವರೆ ವೋಲ್ಟಿನ ಆರು ಪುಟ್ಟ ಸೆಲ್ಲುಗಳಿರುತ್ತವೆ. ಆರಲ್ಲಿ ಒಂದು ಸೋತರೂ ಎಲ್ಲವೂ ಸೋತಂತೆ. ಅಲಾರಂ ಸುಮ್ಮನಿದ್ದಾಗ ಕೆಲವೇ ಮೈಕ್ರೋಆಂಪಿಯರ್ ವಿದ್ಯುತ್ ಎಳೆಯುತ್ತದೆ. ಅದಕ್ಕೇ ಒಂದು ಒಳ್ಳೆಯ ಸೆಲ್ಲು ವರ್ಷ ಬಾಳುತ್ತದೆ. ಆದರೆ ಸೈರನ್ ಕೂಗುವಾಗ ಅದಕ್ಕಿಂತ ಸಾವಿರಾರು ಪಟ್ಟು ಬೇಕು. ಮೂರು ಮೀಟರ್ ದೂರದಲ್ಲಿ 85 ಡೆಸಿಬೆಲ್ ಸದ್ದು ಸುಮ್ಮನೆ ಬರುವುದಿಲ್ಲ. ಹಳೆಯ ಸೆಲ್ಲು ಮೀಟರಿನಲ್ಲಿ 8 ವೋಲ್ಟ್ ತೋರಿಸಿ ‘ನಾನಿನ್ನೂ ಗಟ್ಟಿ’ ಎನ್ನುತ್ತದೆ. ಭಾರ ಹೊರಿಸಿದ ಕೂಡಲೇ ಕುಸಿಯುತ್ತದೆ. ಅದಕ್ಕಾಗಿ ಅಲಾರಂನ ಚಿಪ್ಪು ತಾನೇ ಆಗಾಗ ಸೆಲ್ಲಿನ ಮೇಲೆ ಸ್ವಲ್ಪ ಭಾರ ಹಾಕಿ ಪರೀಕ್ಷಿಸುತ್ತದೆ. ಸಾಮಾನ್ಯವಾಗಿ ಏಳೂವರೆ ವೋಲ್ಟಿನ ಆಸುಪಾಸಿಗೆ ಇಳಿದರೆ ‘ಚಿಂವ್’ ಎನ್ನುತ್ತದೆ. ಚಳಿಗೆ ಸೆಲ್ಲಿನ ಒಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗಿ ಶಕ್ತಿ ಇನ್ನಷ್ಟು ಇಳಿಯುತ್ತದೆ. ಈ ಹಲ್ಲಿ ಬೆಳಗಿನ ಜಾವವೇ ನುಡಿಯುವುದು ಅದಕ್ಕೆ.

ಹಾಗಾದರೆ ಯಾವ ಸೆಲ್ಲು ಹಾಕಬೇಕು? ಇದರ ಉತ್ತರ ನನಗೆ ಸಿಕ್ಕಿದ್ದು ಪಠ್ಯಪುಸ್ತಕಕ್ಕಿಂತ ಹೆಚ್ಚಾಗಿ ಮೂರು ಊರು ತಿರುಗಿದ ಮೇಲೆ.

ಲಕ್ಷ್ಮೇಶ್ವರದಲ್ಲಿ ನಮ್ಮ ಅತ್ತೆ ಇದ್ದಾರೆ. ಹತ್ತಿ ಬಿಡಿಸುವ ಕಾಲಕ್ಕೆ ಅವರ ಪಡಸಾಲೆಯಲ್ಲಿ ಆಳೆತ್ತರ ಹತ್ತಿ ಒಟ್ಟಿರುತ್ತಾರೆ. ಅದರ ಪಕ್ಕದಲ್ಲೇ ಎಲ್ಲರ ಹಾಸಿಗೆ. ಆಯಿಗೆ ಆದದ್ದು ಕೇಳಿ ಅತ್ತೆ, ‘ನಮಗೂ ಒಂದು ತಂದು ಹಾಕಪಾ’ ಎಂದರು. ಅಲಾರಂ ಒಯ್ದೆ, ಸೆಲ್ಲು ಅಲ್ಲೇ ಕೊಳ್ಳೋಣ ಎಂದುಕೊಂಡೆ. ನಮ್ಮ ಕಡೆ ಹಳಬರಿಗೆ ಬ್ಯಾಟರಿ ಎಂದರೆ ಟಾರ್ಚು. ಅಂಗಡಿಯಲ್ಲಿ ‘9 ವೋಲ್ಟ್ ಬ್ಯಾಟರಿ’ ಎಂದರೆ ತಿಳಿಯಲಿಲ್ಲ, ‘ಚೌಕದ ಸೆಲ್ಲು’ ಎಂದ ಮೇಲೆ ಕೊಟ್ಟರು. ಮೇಲೆ ದಪ್ಪಕ್ಷರದಲ್ಲಿ ‘ಹೆವಿ ಡ್ಯೂಟಿ’ ಎಂದಿತ್ತು. ಭಾರಿ ಗಟ್ಟಿ ಇರಬೇಕು ಎನ್ನಿಸುತ್ತದಲ್ಲ? ಹಾಗಲ್ಲ. ಆ ಹೆಸರಿನವು ಸತುವಿನ ಸಾದಾ ಸೆಲ್ಲುಗಳೇ. ಗುರುತಿಸಲು ಒಂದು ಸುಲಭ ಉಪಾಯವಿದೆ. ಸೆಲ್ಲಿನ ಮೈಮೇಲಿನ ಸಣ್ಣ ಸಂಕೇತ ಓದಬೇಕು. ‘6ಎಫ್22’ ಎಂದಿದ್ದರೆ ಸಾದಾ. ‘6ಎಲ್ಆರ್61’ ಅಥವಾ ‘6ಎಲ್ಎಫ್22’ ಎಂದು ನಡುವೆ ‘ಎಲ್’ ಅಕ್ಷರ ಬಂದರೆ ಅಲ್ಕಲೈನ್. ಸಾದಾ ಸೆಲ್ಲು ಅಗ್ಗ, ಆದರೆ ಬೇಗ ಸೋಲುತ್ತದೆ, ಮುಗಿದ ಮೇಲೆ ಸೋರಿ ಪಿನ್ನುಗಳನ್ನು ತಿನ್ನುವ ಭಯವೂ ಹೆಚ್ಚು. ಅಲ್ಕಲೈನಿಗೆ ಅದರ ಹಲವು ಪಟ್ಟು ಬೆಲೆ. ಹಾಗೆಂದು ಗೆಳೆಯರ ಜತೆ ಕೆಲವು ಸಂಜೆ ತಿನ್ನುವ ಮಿರ್ಚಿ ಗಿರ್ಮಿಟ್ಟಿನ ಖರ್ಚಿಗಿಂತ ಹೆಚ್ಚಲ್ಲ. ಅಷ್ಟರಲ್ಲಿ ವರ್ಷ ಕಳೆಯುತ್ತದೆ. ಲೀಥಿಯಂ ಸೆಲ್ಲು ಇನ್ನೂ ದುಬಾರಿ, ಇನ್ನೂ ಹೆಚ್ಚು ಬಾಳಿಕೆ. ಅತ್ತೆಯ ಮನೆಗೆ ಗದಗಿನಿಂದಲೇ ಅಲ್ಕಲೈನ್ ಕಳಿಸಿದೆ.

‘ರೀಚಾರ್ಜ್ ಮಾಡೋ ಸೆಲ್ ಹಾಕಿದ್ರ ರೊಕ್ಕ ಉಳೀತದಲ್ಲ?’ ಎಂದು ಅತ್ತೆಯ ಮಗ ಕೇಳಿದ. ಒಳ್ಳೆಯ ಪ್ರಶ್ನೆ. ಅಂಥ ಸೆಲ್ಲಿನ ವೋಲ್ಟೇಜು ಸಾಮಾನ್ಯವಾಗಿ ತುಸು ಕಡಿಮೆ. ಬಳಸದಿದ್ದರೂ ತಾನಾಗಿಯೇ ಇಳಿಯುತ್ತದೆ. ದಿನಾ ಬಳಸುವ ಆಟಿಕೆಗೆ ಅದು ಸರಿ. ವರ್ಷವಿಡೀ ಕಾಯ್ದು ಒಂದೇ ಒಂದು ರಾತ್ರಿ ಕೂಗಬೇಕಾದ ಅಲಾರಂಗೆ, ಅದರ ತಯಾರಕರೇ ಆಗಬಹುದು ಎಂದು ಬರೆದಿರದಿದ್ದರೆ, ಬೇಡ. ಅಲಾರಂನ ಬೆನ್ನಿಗೆ ಯಾವ ಬಗೆಯ ಸೆಲ್ಲು ಎಂದು ಬರೆದಿರುತ್ತದೆ. ಅಂಗಡಿಯವರ ಮಾತಿಗಿಂತ ಆ ಬರಹ ದೊಡ್ಡದು.

ಶಿರಹಟ್ಟಿಯ ಗೆಳೆಯನ ಮನೆಗೆ ಬೆಂಗಳೂರಿನಲ್ಲಿರುವ ಅವನ ಅಣ್ಣ ಒಂದು ಅಲಾರಂ ತಂದುಕೊಟ್ಟಿದ್ದ. ಅದು ‘ಚಿಂವ್’ ಎನ್ನತೊಡಗಿದಾಗ ಗೆಳೆಯ ಸ್ಕ್ರೂಡ್ರೈವರ್ ಹಾಕಿ ಮೀಟಿ ತೆಗೆಯಲು ಕೂತಿದ್ದ. ನೋಡಿದರೆ ಅದು ಹತ್ತು ವರ್ಷದ ಲೀಥಿಯಂ ಸೆಲ್ಲನ್ನು ಒಳಗೇ ಮುಚ್ಚಿಟ್ಟ ಬಗೆಯದು. ಅಂಥದ್ದರಲ್ಲಿ ಸೆಲ್ಲು ಬದಲಿಸುವಂತೆಯೇ ಇಲ್ಲ, ಮುಗಿದಾಗ ಇಡೀ ಅಲಾರಂ ಬದಲಿಸಬೇಕು. ಹಿಂದೆ ಮುದ್ರಿಸಿದ ತಯಾರಿಕೆಯ ವರ್ಷ ನೋಡಿದೆವು. ಹತ್ತು ವರ್ಷ ಮುಗಿದು ಹೋಗಿತ್ತು. ಸೆಲ್ಲು ಬದಲಿಸುವ ಬಗೆಯ ಅಲಾರಂಗೂ ಹತ್ತು ವರ್ಷವೇ ಆಯಸ್ಸು. ಹೊಗೆ ಗುರುತಿಸುವ ಭಾಗಕ್ಕೂ ಮುಪ್ಪು ಬರುತ್ತದೆ. ಹೊಸ ಅಲಾರಂ ತಂದ ಮೇಲೆ ಸೆಲ್ಲಿಗೆಂದು ಅಂಗಡಿಗೆ ಹೋದರೆ, ಅಲ್ಲಿ ಸಿಕ್ಕ ಸೆಲ್ಲಿನ ಅವಧಿ ಎರಡು ವರ್ಷದ ಹಿಂದೆಯೇ ತೀರಿತ್ತು. ಹಾಲಿನ ಪ್ಯಾಕೆಟ್ಟಿನ ತಾರೀಖು ನೋಡುವ ನಾವು ಸೆಲ್ಲಿನ ತಾರೀಖು ನೋಡುವುದಿಲ್ಲ. ಸೆಲ್ಲು ಅಂಗಡಿಯಲ್ಲಿ ಕೂತಲ್ಲೇ ಸವೆಯುತ್ತದೆ.

ಮುಂಡರಗಿಯಲ್ಲಿ ಸೋದರಮಾವನ ಗಾದಿ ಅಂಗಡಿ ಇದೆ, ಮೇಲೆಯೇ ಮನೆ. ನಮ್ಮ ಮನೆಯ ಸುದ್ದಿ ಕೇಳಿ ಅವರೂ ಒಂದು ಅಲಾರಂ ಹಾಕಿದ್ದರು. ಅದಕ್ಕೆ ಗಡಿಯಾರಕ್ಕೆ ಹಾಕುವಂಥ ಎರಡು ಸಣ್ಣ ಸೆಲ್ಲು ಬೇಕು. ಮಾವ ಒಂದು ಹೊಸದು ಹಾಕಿ, ಇನ್ನೊಂದನ್ನು ಗೋಡೆ ಗಡಿಯಾರದಿಂದ ತೆಗೆದು ಹಾಕಿದ್ದರು. ‘ಗಡಿಯಾರ ನಡೀತಿತ್ತಲ್ಲೋ, ಅಂದ್ರ ಸೆಲ್ ಛಲೋ ಐತಿ’ ಎಂದು ಅವರ ವಾದ. ಗಡಿಯಾರಕ್ಕೆ ಬೇಕಾದದ್ದು ಹನಿ ವಿದ್ಯುತ್ತು, ಸೈರನ್ನಿಗೆ ಬೇಕಾದದ್ದು ಕೊಡಗಟ್ಟಲೆ. ಹಳೆ ಎತ್ತಿಗೆ ಎಳೆ ಹೋರಿ ಹೂಡಿದಂತೆ, ಬಂಡಿ ಹಳೆಯದರ ವೇಗಕ್ಕೇ ನಡೆಯುತ್ತದೆ. ಈ ಉದಾಹರಣೆ ಹೇಳಿದ ಮೇಲೆ ಮಾವ ನಕ್ಕು ಎರಡನ್ನೂ ಬದಲಿಸಿದರು. ಬದಲಿಸುವಾಗ ಎಲ್ಲವನ್ನೂ ಒಟ್ಟಿಗೆ, ಒಂದೇ ಬಗೆಯವನ್ನು ಹಾಕಬೇಕು.

ಬದಲಿಸುವ ಕೆಲಸ ಐದು ನಿಮಿಷದ್ದು. ಗಟ್ಟಿ ಸ್ಟೂಲು, ಕೆಳಗೆ ಹಿಡಿದುಕೊಳ್ಳಲು ಒಬ್ಬರು. ಹಳೆ ಸೆಲ್ಲು ತೆಗೆದು, ಒಣ ಬ್ರಷ್ಷಿನಿಂದ ಜಾಲರಿಯ ಧೂಳು ಝಾಡಿಸಬೇಕು. ನಮ್ಮಂಥ ಮಗ್ಗದ ಮನೆಗಳಲ್ಲಿ ಇದು ಮುಖ್ಯ, ಹತ್ತಿಯ ಎಳೆ ಒಳಗೆ ಕೂತರೆ ಅದು ಸುಮ್ಮಸುಮ್ಮನೆ ಕೂಗುತ್ತದೆ, ಇಲ್ಲವೇ ಹೊಗೆಯನ್ನೇ ಒಳಗೆ ಬಿಡುವುದಿಲ್ಲ. ಆಮೇಲೆ ಪ್ಲಸ್ಸು ಮೈನಸ್ಸು ನೋಡಿ ಹೊಸ ಸೆಲ್ಲು ಕೂರಿಸಿ, ಟೆಸ್ಟ್ ಬಟನ್ ಒತ್ತಬೇಕು. ಕಿವಿ ಮುಚ್ಚಿಕೊಳ್ಳುವಷ್ಟು ಜೋರಾಗಿ ಕೂಗಿದರೆ ಮಾತ್ರ ಕೆಲಸ ಮುಗಿದಂತೆ.

ತೆಗೆದ ಹಳೆ ಸೆಲ್ಲಿನ ಬಗ್ಗೆಯೂ ಒಂದು ಮಾತು. ಚೌಕದ ಸೆಲ್ಲಿನ ಎರಡೂ ತುದಿ ಒಂದೇ ಕಡೆ, ಪಕ್ಕಪಕ್ಕದಲ್ಲೇ ಇರುತ್ತವೆ. ಅದನ್ನು ಕೀಲಿಕೈ, ನಾಣ್ಯ, ಪಾತ್ರೆ ತಿಕ್ಕುವ ತಂತಿಯ ಜತೆ ಡಬ್ಬಿಗೆ ಹಾಕಿದರೆ ಎರಡೂ ತುದಿ ಕೂಡಿ, ಕಾದು, ಬೆಂಕಿಯೇ ಹತ್ತಬಹುದು. ಮುಗಿದ ಸೆಲ್ಲಿನಲ್ಲೂ ಅಷ್ಟು ಶಕ್ತಿ ಉಳಿದಿರುತ್ತದೆ. ತುದಿಗೆ ಇನ್ಸುಲೇಷನ್ ಟೇಪು ಸುತ್ತಿ ಇಡಬೇಕು. 2022ರಲ್ಲಿ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಇಂಥ ಸೆಲ್ಲನ್ನು ಮನೆಯ ಉಳಿದ ಕಸದ ಜತೆ ಬೆರೆಸುವಂತಿಲ್ಲ, ಬೇರೆಯಾಗಿಯೇ ಕೊಡಬೇಕು.

ಇಷ್ಟೆಲ್ಲ ತಿಳಿದರೂ ನನ್ನ ಮುಖ್ಯ ಕಾಯಿಲೆಗೆ ಇದು ಮದ್ದಲ್ಲ. ನನ್ನ ಕಾಯಿಲೆ ‘ಸಂಜೆ ಹಾಕಿದರಾಯಿತು’ ಎಂಬುದು. ಅದಕ್ಕೆ ಮನೆಯಲ್ಲಿ ಎರಡು ಕಟ್ಟಳೆ ಮಾಡಿದ್ದೇವೆ. ಅಲಾರಂನ ಸೆಲ್ಲನ್ನು ರಿಮೋಟಿಗಾಗಲಿ, ಪ್ರಾಜೆಕ್ಟಿಗಾಗಲಿ ಯಾರೂ ಮುಟ್ಟುವಂತಿಲ್ಲ. ಒಂದು ಹೊಸ ಸೆಲ್ಲು, ಪ್ಯಾಕು ಒಡೆಯದೆ, ಕಪಾಟಿನಲ್ಲಿ ಸದಾ ಇರಬೇಕು. ರಾತ್ರಿ ‘ಚಿಂವ್’ ಎಂದರೆ ಕಿತ್ತು ಮಲಗುವುದಲ್ಲ, ಆ ರಾತ್ರಿಯೇ ಹೊಸದು ಹಾಕುವುದು.

ಅಮೆರಿಕದಲ್ಲಿ ವರ್ಷಕ್ಕೆರಡು ಸಲ ಗಡಿಯಾರವನ್ನು ಒಂದು ಗಂಟೆ ಹಿಂದೆ ಮುಂದೆ ಮಾಡುತ್ತಾರೆ. ಆ ದಿನವೇ ಅಲಾರಂನ ಸೆಲ್ಲೂ ಬದಲಿಸಿ ಎಂದು ಅಲ್ಲಿ ಜನರಿಗೆ ನೆನಪಿಸುತ್ತಾರೆ. ನಮಗೆ ಆ ಗಡಿಯಾರದ ಗೊಡವೆ ಇಲ್ಲ, ಆದರೆ ಖಂಡೇ ಪೂಜೆ ಇದೆ. ವರ್ಷವಿಡೀ ಅನ್ನ ಕೊಟ್ಟ ಮಗ್ಗ, ಲಾಳಿ, ಕತ್ತರಿ, ಗಾಡಿ ಎಲ್ಲವನ್ನೂ ತೊಳೆದು, ಎಣ್ಣೆ ಬಿಟ್ಟು, ಕುಂಕುಮ ಹಚ್ಚುವ ದಿನ. ಈ ಸಲ ಖಂಡೇ ಪೂಜೆಗೆ ಅಪ್ಪ ಮಗ್ಗಕ್ಕೆ ಹೂ ಏರಿಸಿ, ನನ್ನ ಕಡೆ ತಿರುಗಿ, ‘ನಿಂದೊಂದು ಉಳದೈತಲ್ಲ ಮ್ಯಾಲೆ’ ಎಂದರು. ಸ್ಟೂಲು ಅವರೇ ಹಿಡಿದರು. ಹೊಸ ಸೆಲ್ಲು ಹಾಕಿ, ಮುಚ್ಚಳದ ಮೇಲೆ ತಾರೀಖು ಬರೆದೆ. ಸ್ಕೂಟರಿನ ಚಾರ್ಜಿಂಗ್ ಈಗ ಹೊರಗಿನ ಕಟ್ಟೆಯ ಹತ್ತಿರ, ದಪ್ಪ ವೈರಿನ ಬೇರೆ ಪಾಯಿಂಟಿನಲ್ಲಿ, ಹಗಲು ಹೊತ್ತಿನಲ್ಲಿ. ಗೋಡೆಯ ಮೇಲೆ ಅಗ್ನಿಶಾಮಕದ 101, ತುರ್ತು ಸಹಾಯದ 112 ಎಂದು ದೊಡ್ಡದಾಗಿ ಬರೆದಿದ್ದೇವೆ.

ತಿಂಗಳಿಗೊಮ್ಮೆ ಟೆಸ್ಟ್ ಬಟನ್ ಒತ್ತುವ ಕೆಲಸ ಆಯಿ ತಾನೇ ವಹಿಸಿಕೊಂಡಿದ್ದಾಳೆ. ನನಗೆ ಪರೀಕ್ಷೆ, ಪ್ರಾಜೆಕ್ಟಿನಲ್ಲಿ ಮರೆಯಬಹುದು, ಅವಳಿಗೆ ಅಮಾವಾಸ್ಯೆ ಮರೆಯುವುದಿಲ್ಲ. ನಮ್ಮದು ತಗ್ಗು ಸೂರಿನ ಹಳೆಯ ಮಾಳಿಗೆ ಮನೆ. ಅಮಾವಾಸ್ಯೆಯ ದಿನ ದೇವರಿಗೆ ದೀಪ ಹಚ್ಚಿ ಬಂದು, ಊರುಗೋಲು ಎತ್ತಿ ಅದರ ತುದಿಯಿಂದ ಬಟನ್ ಒತ್ತುತ್ತಾಳೆ. ಅದು ಓಣಿಗೆಲ್ಲ ಕೇಳುವಂತೆ ಕಿರುಚುತ್ತದೆ. ಅವ್ವ ಅಡುಗೆಮನೆಯಿಂದ ‘ಸಾಕು ಬಿಡ್ರೀ ಅತ್ತಿ’ ಎನ್ನುತ್ತಾಳೆ. ಆಯಿ ಮಾತ್ರ ಇನ್ನೊಂದು ಸಲ ಒತ್ತಿ, ನನ್ನ ಕಡೆ ನೋಡಿ ಹೇಳುತ್ತಾಳೆ:

‘ನುಡೀತೈತಿ ತಮ್ಮಾ. ಇನ್ನ ಮಕ್ಕೋ ಹೋಗು.’